ಐದು ಸ್ಟಾರ್ ಅಂತ ಎರಡು ಸ್ಟಾರಿನ ಫ್ರಿಜ್ ತಂದಿದ್ದೇನೆ, ನೀವು ಮೋಸ ಹೋಗಬೇಡಿ

ಬರೆಯಬೇಕೋ ಬೇಡವೋ ಅಂತ ಹದಿನೈದು ದಿನ ಯೋಚಿಸಿದೆ. ನಾಚಿಕೆ, ಬೇರೇನಿಲ್ಲ. ಒಂದು ಕೆಜಿ ಬದನೆಕಾಯಿಗೂ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ನಾಲ್ಕು ಕಡೆ ವಿಚಾರಿಸುವ ನಾನು ಇಪ್ಪತ್ತು ಸಾವಿರ ಎಣಿಸಿ ಕೊಟ್ಟು ಮೋಸ ಹೋದೆ ಅಂತ ಹೇಳಿಕೊಳ್ಳೋದು ಸುಲಭ ಅಲ್ಲ. ಆದರೂ ಹಾಸನದವರು ಯಾರಾದರೂ ಈಗ ಫ್ರಿಜ್ ತೆಗೆದುಕೊಳ್ಳಲು ಹೊರಟಿದ್ದರೆ ಓದಿ.

ನಮ್ಮದು 16 ವರ್ಷದ ಹಳೇ ಫ್ರಿಜ್. ಬಾಗಿಲಿನ ರಬ್ಬರ್ ಹೋಗಿತ್ತು, ಹಗಲೂ ರಾತ್ರಿ ಗುಂಯ್ ಅನ್ನುತ್ತಿತ್ತು. ಗೃಹಜ್ಯೋತಿಯಲ್ಲಿ ನಮ್ಮ ಮನೆಗೆ ತಿಂಗಳಿಗೆ ಫ್ರೀ ಸಿಗೋದು 92 ಯೂನಿಟ್. ಗೊತ್ತಲ್ಲ, ನಮ್ಮ 2022-23ರ ಬಳಕೆಯ ಸರಾಸರಿಯ ಮೇಲೆ ಶೇಕಡಾ 10 ಸೇರಿಸಿ ಕೊಡುತ್ತಾರೆ, ಅದನ್ನು ದಾಟಿದ್ದಕ್ಕೆ ದುಡ್ಡು. ನಮ್ಮದು ತಿಂಗಳು ತಿಂಗಳೂ 105, 106 ಬರುತ್ತಿತ್ತು. ಮೇಲಿನ ಹದಿನಾಲ್ಕು ಯೂನಿಟ್ಟಿಗೆ ಕರೆಂಟ್ ಕಂಪನಿ ಸೆಸ್ಕ್‌ಗೆ ಕಟ್ಟಬೇಕು. ಅದು ದೊಡ್ಡ ದುಡ್ಡೇನಲ್ಲ, ಆದರೆ ಪಕ್ಕದವರಿಗೆಲ್ಲ ಸೊನ್ನೆ ಬಿಲ್ ಬರುವಾಗ ಹೊಟ್ಟೆ ಉರಿಯುತ್ತೆ ಅಲ್ವಾ. ಜೊತೆಗೆ ನನ್ನ ಮಗಳು ಸ್ಕೂಲಲ್ಲಿ ಏನೋ ಪ್ರಾಜೆಕ್ಟ್ ಮಾಡಿ ಬಂದು, ರಾಯಚೂರಲ್ಲಿ ಕಲ್ಲಿದ್ದಲು ಉರಿಸಿ ಮಾಡಿದ ಕರೆಂಟನ್ನ ನೀನು ತೂತು ಫ್ರಿಜ್ಜಿಗೆ ಸುರೀತಿದ್ದೀಯ ಅಂತ ದಿನಾ ಪಾಠ. ಸರಿ, ತೆಗೆದುಕೊಂಡರೆ ಕಮ್ಮಿ ಕರೆಂಟು ತಿನ್ನುವ ಐದು ಸ್ಟಾರಿನದೇ ತೆಗೆದುಕೊಳ್ಳೋಣ, ದುಡ್ಡು ಜಾಸ್ತಿ ಆದರೂ ಪರವಾಗಿಲ್ಲ ಅಂತ ತೀರ್ಮಾನ ಮಾಡಿದ್ದೇ ನಾನು. ಗೌರಿ ಹಬ್ಬಕ್ಕೆ ತಮ್ಮ ಬಾಗಿನದ ಜೊತೆ ಐದು ಸಾವಿರ ಕೊಟ್ಟಿದ್ದ. ತವರಿನ ದುಡ್ಡು. ಅದನ್ನೂ ಸೇರಿಸಿದೆ.

ಬಿ.ಎಂ. ರಸ್ತೆಯ ಅಂಗಡಿ. ಹೆಸರು ಹಾಕಲ್ಲ, ಕೇಳಬೇಡಿ. ಹಬ್ಬದ ಆಫರ್ ಅಂತ ಬಾಗಿಲಿಗೆಲ್ಲ ಬಲೂನು. ಮಾಲೀಕ "ಬನ್ನಿ ಅಕ್ಕ, ಕೂತ್ಕೊಳಿ ಅಕ್ಕ" ಅಂತ ಕಾಫಿ ತರಿಸಿದ. 185 ಲೀಟರಿನ ಸಿಂಗಲ್ ಡೋರ್, ನೀಲಿ ಬಣ್ಣ, ಮೇಲೆ ಹೂವು. ಬಾಗಿಲ ಮೇಲೆ ಐದು ನಕ್ಷತ್ರದ ಲೇಬಲ್, ವರ್ಷಕ್ಕೆ 122 ಯೂನಿಟ್ ಅಂತ ಬರೆದಿದೆ. ಇನ್ವರ್ಟರ್ ಕಂಪ್ರೆಸರ್ ಅಂದ. ಪರಿಸರಕ್ಕೆ ಒಳ್ಳೇ ಗ್ಯಾಸು, ಆರ್ 600ಎ, ಅಂದ. ತಾನೇ ಕ್ಯಾಲ್ಕುಲೇಟರ್ ಒತ್ತಿ, "ನಿಮ್ಮ ಹಳೇದು ತಿಂಗಳಿಗೆ 25 ಯೂನಿಟ್ ತಿನ್ನುತ್ತೆ, ಇದು 10, ನೀವೇ ಲೆಕ್ಕ ಹಾಕಿ ಅಕ್ಕ, ಸೊನ್ನೆ ಬಿಲ್" ಅಂತ ತೋರಿಸಿದ. 18,900. ಬೇರೆ ಅಂಗಡಿಯಲ್ಲಿ ಇದೇ ಸೈಜಿನ ಎರಡು ಸ್ಟಾರಿನದು 14,200ಕ್ಕೆ ಇತ್ತು, ನಾನೇ ನೋಡಿ ಬಂದಿದ್ದೆ. ಆ 4,700 ನಾನು ಕೊಟ್ಟಿದ್ದು ಮೂರು ನಕ್ಷತ್ರಕ್ಕೆ. ನೆನಪಿರಲಿ, ಮೂರು ನಕ್ಷತ್ರಕ್ಕೆ.

ಹೊರಡುವಾಗ ಒಂದು ಸಣ್ಣ ಡಬ್ಬಿ ತಂದ. ಪವರ್ ಸೇವರ್. ಸಾಕೆಟ್ಟಿಗೆ ಚುಚ್ಚಿದರೆ ಇಡೀ ಮನೆಯ ಕರೆಂಟು ಶೇಕಡಾ 30 ಉಳಿಯುತ್ತಂತೆ. 1,800. ಅದನ್ನೂ ತೆಗೆದುಕೊಂಡೆ ಮಾರಾಯ್ರೇ, ತೆಗೆದುಕೊಂಡೆ. ಹಸಿರು ದೀಪ ಉರಿಯುತ್ತಿತ್ತು, ನೋಡೋಕೆ ಚೆನ್ನಾಗಿತ್ತು. ಆಯುಧಪೂಜೆ ದಿನ ಮಿಕ್ಸಿ, ಗ್ರೈಂಡರ್, ಸ್ಕೂಟರ್ ಜೊತೆ ಆ ಡಬ್ಬಿಗೂ ಕುಂಕುಮ ಇಟ್ಟೆ.

ಬಿಲ್ ಕೇಳಿದೆ. ಚೀಟಿ ಬರೆದುಕೊಟ್ಟ: "ಫ್ರಿಜ್ 185 ಲೀ. ನೀಲಿ". ಅಷ್ಟೇ. ಮಾಡೆಲ್ ನಂಬರ್ ಇಲ್ಲ, ಜಿಎಸ್‌ಟಿ ಇಲ್ಲ, ಡಬ್ಬಿಯ ಸುದ್ದಿಯೇ ಇಲ್ಲ. "ಪಕ್ಕಾ ಬಿಲ್ ಡೆಲಿವರಿ ಹುಡುಗನ ಕೈಲಿ ಕಳಿಸ್ತೀನಿ ಅಕ್ಕ." ಡೆಲಿವರಿ ಹುಡುಗರು ಬಂದರು, ಹಳೇ ಫ್ರಿಜ್ ಹೊತ್ತುಕೊಂಡು ಹೋದರು, ಬಿಲ್ ಬರಲೇ ಇಲ್ಲ.

ಮೊದಲ ತಿಂಗಳು 99 ಯೂನಿಟ್. ಹೊಸದಲ್ವಾ, ಒಗ್ಗಿಕೊಳ್ಳಬೇಕು ಅಂತ ಸುಮ್ಮನಾದೆ. (ಫ್ರಿಜ್ ಏನು ಸೊಸೆಯೇ ಒಗ್ಗಿಕೊಳ್ಳೋಕೆ, ಈಗ ಅನಿಸುತ್ತೆ.) ಎರಡನೇ ತಿಂಗಳು 98.

ಆಮೇಲೆ ಹಾಸನಾಂಬೆ ದರ್ಶನಕ್ಕೆ ಅಂತ ತಮ್ಮ ಬಂದ. ಅವನದು ಹೊಳೆನರಸೀಪುರದಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ. ಆರು ಗಂಟೆ ಕ್ಯೂನಲ್ಲಿ ನಿಂತು ಬಂದು ರಾತ್ರಿ ನಡುಮನೆಯಲ್ಲಿ ಮಲಗಿದ್ದವನು ಹನ್ನೊಂದು ಗಂಟೆಗೆ ಎದ್ದು ಕೂತ. "ಅಕ್ಕ, ಇದು ಇನ್ವರ್ಟರ್ ಅಂದ್ಯಲ್ಲ? ಹಂಗಾದ್ರೆ ಟಕ್ ಅಂತ ನಿಂತು ಟಕ್ ಅಂತ ಯಾಕೆ ಶುರುವಾಗ್ತದೆ?" ಇನ್ವರ್ಟರ್ ಆದರೆ ನಿಧಾನಕ್ಕೆ ಒಂದೇ ಸಮ ಓಡುತ್ತಂತೆ, ಬೇಕಾದಷ್ಟೇ ವೇಗ. ಹಳೇ ಥರದ ಕಂಪ್ರೆಸರ್ ಓಡಿದರೆ ಪೂರ್ತಿ ಓಡುತ್ತೆ, ನಿಂತರೆ ಪೂರ್ತಿ ನಿಲ್ಲುತ್ತೆ. ಆ ರಾತ್ರಿಯಲ್ಲೇ ಫ್ರಿಜ್ ಎಳೆದು ಹಿಂದೆ ಮೊಬೈಲ್ ಲೈಟು ಬಿಟ್ಟ. ಹಿಂದಿನ ಪ್ಲೇಟಿನಲ್ಲಿ ಒಂದು ಮಾಡೆಲ್ ನಂಬರ್, ಮುಂದಿನ ಲೇಬಲ್ಲಿನಲ್ಲಿ ಇನ್ನೊಂದು. ಕೊನೆಯ ಎರಡು ಅಕ್ಷರ ಬೇರೆ. ಸ್ಟಾರ್ ಲೇಬಲ್ ಕೊಡೋದು ಕೇಂದ್ರದ ಬ್ಯೂರೋ ಆಫ್ ಎನರ್ಜಿ ಎಫಿಷಿಯೆನ್ಸಿ, ಬಿಇಇ ಅಂತಾರೆ, ಅವರದೇ ಮೊಬೈಲ್ ಆ್ಯಪ್ ಇದೆ. ಮಗಳು ಅದರಲ್ಲಿ ಹಿಂದಿನ ನಂಬರ್ ಹಾಕಿದಳು. ಎರಡು ಸ್ಟಾರ್. ವರ್ಷಕ್ಕೆ 201 ಯೂನಿಟ್.

ನಾನು ನಂಬಲಿಲ್ಲ. ನೀವು ಏನೋ ತಪ್ಪು ಒತ್ತಿದ್ದೀರ ಅಂದೆ. ಆಗ ತಮ್ಮ ಲೇಬಲ್ಲಿನ ಮೂಲೆಯನ್ನ ಉಗುರಿನಿಂದ ಕೆರೆದ. ಮೆಲ್ಲಗೆ ಎದ್ದು ಬಂತು. ಕೆಳಗೆ ಇನ್ನೊಂದು ಲೇಬಲ್. ಅದರಲ್ಲಿ ಎರಡೇ ನಕ್ಷತ್ರಕ್ಕೆ ಬಣ್ಣ. ಅಡುಗೆಮನೆಯಲ್ಲಿ ಯಾರೂ ಮಾತಾಡಲಿಲ್ಲ, ಫ್ರಿಜ್ ಟಕ್ ಅಂತ ಶುರುವಾಯಿತು. ಆ ಲೇಬಲ್ ಹಾಳಾಗಬಾರದು ಅಂತ ಎರಡು ತಿಂಗಳು ಅದರ ಸುತ್ತ ಜೋಪಾನವಾಗಿ ಒರೆಸಿದ್ದೆ ನಾನು! ಬಂದವರಿಗೆಲ್ಲ ತೋರಿಸಿದ್ದೆ.

ಡಬ್ಬಿಯನ್ನೂ ಅವನೇ ಬಿಚ್ಚಿದ. ಒಳಗೆ ಒಂದು ಸಣ್ಣ ಕೆಪಾಸಿಟರ್, ಒಂದು ಹಸಿರು ದೀಪ. ಮನೆ ಮೀಟರ್ ಎಣಿಸೋದು ಯೂನಿಟ್ ಮಾತ್ರ, ಕೆಪಾಸಿಟರ್ ಹಾಕಿದರೆ ಯೂನಿಟ್ ಕಮ್ಮಿ ಆಗಲ್ಲ, ಅದೆಲ್ಲ ದೊಡ್ಡ ಮೋಟರ್ ಇರುವ ಫ್ಯಾಕ್ಟರಿಗಳಿಗೆ ಕಣಕ್ಕ ಅಂದ. ಆ ದೀಪವೇ ಒಂದಿಷ್ಟು ಕರೆಂಟು ತಿನ್ನುತ್ತಿತ್ತಲ್ಲ ಅಂತ ಮಗಳು ನಕ್ಕಳು. ನನಗೆ ನಗು ಬರಲಿಲ್ಲ.

ಮಾರನೇ ದಿನ ಅಂಗಡಿಗೆ ಹೋದೆ. ಈ ಸಲ ಕಾಫಿ ಇಲ್ಲ. ಅಕ್ಕ ಹೋಗಿ ಮೇಡಂ ಆಗಿದ್ದೆ. ಅವನ ಉತ್ತರಗಳನ್ನ ಹಾಗೇ ಬರೆಯುತ್ತೇನೆ.

"ಸ್ಟಿಕರ್ ಕಂಪನಿಯವ್ರು ಹಾಕೋದು ಮೇಡಂ, ನಾವಲ್ಲ." ಸರಿ, ಒಂದರ ಮೇಲೆ ಒಂದು ಹಾಕ್ತಾರಾ ಅಂದೆ. "ಗೋಡೌನಲ್ಲಿ ಹುಡುಗ್ರು ಏನೋ ಮಾಡಿರ್ತಾರೆ." ಹಾಗಾದರೆ ಬದಲಾಯಿಸಿ ಕೊಡಿ. "ಬಾಡಿ ಒಂದೇ ಮೇಡಂ, ಕಂಪ್ರೆಸರ್ ಮಾತ್ರ ಬೇರೆ." ಕಂಪ್ರೆಸರ್ ಮಾತ್ರ! ಎತ್ತು ಒಂದೇ, ಜೀವ ಮಾತ್ರ ಇಲ್ಲ ಅಂದ ಹಾಗೆ. ಬಾಗಿಲು ಜಾಸ್ತಿ ತೆಗೀತೀರೇನೋ ಅಂದ. ಬಿಸಿ ಸಾರು ಇಡ್ತೀರೇನೋ ಅಂದ. ಆಮೇಲೆ, "ಗೃಹಜ್ಯೋತಿ ಫ್ರೀ ಕರೆಂಟು ತಾನೆ ಮೇಡಂ, ನಿಮ್ಗೇನು ಲಾಸು?" ಅಂದ. ಗಿರಾಕಿಗಳು ನೋಡುತ್ತಿದ್ದರು. ನಾನು ದನಿ ಏರಿಸಿದೆ. ಆಗ ಅಂದಿದ್ದು: "ನಿಮ್ಮನೆಯವ್ರನ್ನ ಕಳಿಸಿ, ಅವ್ರಿಗೆ ಹೇಳಿದ್ರೆ ಅರ್ಥವಾಗುತ್ತೆ."

ದುಡ್ಡು ಹೋದದ್ದಕ್ಕಿಂತ ಈ ಮಾತೇ ನನಗೆ ಇನ್ನೂ ಚುಚ್ಚುತ್ತಿದೆ. ದುಡ್ಡು ಎಣಿಸಿ ಕೊಡುವಾಗ ಅಕ್ಕನಿಗೆ ಎಲ್ಲ ಅರ್ಥವಾಗುತ್ತಿತ್ತು.

ಡಬ್ಬಿಯ 1,800 ವಾಪಸ್ ಕೊಟ್ಟ, ಗಲಾಟೆ ನಿಲ್ಲಲಿ ಅಂತ. ಫ್ರಿಜ್ ಮಾತ್ರ ಇಲ್ಲ. ಕಂಪನಿಯ ಸರ್ವಿಸ್ ಹುಡುಗ ಬಂದು ನೋಡಿ, ಈ ಲೇಬಲ್ ಈ ಮಷಿನ್‌ದಲ್ಲ ಅಂತ ಬಾಯಲ್ಲಿ ಹೇಳಿದ, ಬರೆದುಕೊಡು ಅಂದರೆ ಬ್ಯಾಗ್ ಎತ್ತಿಕೊಂಡು ಹೊರಟ. 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ, ಅದು ಗ್ರಾಹಕರ ಸಹಾಯವಾಣಿ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಐದು ಲಕ್ಷದವರೆಗಿನ ಕೇಸಿಗೆ ಫೀಸು ಇಲ್ಲ. ಆದರೆ ನನ್ನ ಕೈಯಲ್ಲಿರೋದು "ಫ್ರಿಜ್ 185 ಲೀ. ನೀಲಿ" ಅನ್ನುವ ಚೀಟಿ. ಮಾಡೆಲ್ ನಂಬರ್ ಇದ್ದ ಬಿಲ್ ಇದ್ದಿದ್ದರೆ ಅವನು ಇಷ್ಟು ಆಟ ಆಡುತ್ತಿರಲಿಲ್ಲ. ಅವನಿಗೆ ಇದು ಮೊದಲೇ ಗೊತ್ತಿತ್ತು, ಅದಕ್ಕೇ ಬಿಲ್ ಬರಲಿಲ್ಲ ಅಂತ ಈಗ ಹೊಳೆಯುತ್ತೆ.

ಹಾಗಾಗಿ ಅಂಗಡಿಯಲ್ಲೇ ಫ್ರಿಜ್ ತಿರುಗಿಸಿ ಹಿಂದಿನ ನಂಬರ್ ನೋಡಿ, ಮುಂದಿನದಕ್ಕೆ ತಾಳೆ ಹಾಕಿ, ಆ್ಯಪ್‌ನಲ್ಲಿ ಹಾಕಿ ನೋಡಿ. ಲೇಬಲ್ ಮೇಲೆ ಅದರ ಅವಧಿಯೂ ಇರುತ್ತೆ, ಅದನ್ನೂ ನೋಡಿ, ಯಾಕಂದರೆ ಫ್ರಿಜ್ಜಿನ ಸ್ಟಾರ್ ಲೆಕ್ಕವನ್ನ ಆಗಾಗ ಬಿಗಿ ಮಾಡುತ್ತಾರೆ, 2023ರ ಜನವರಿಯಲ್ಲೂ ಮಾಡಿದ್ದರು, ಹಿಂದಿನ ಐದು ಸ್ಟಾರ್ ಈಗಿನ ಐದು ಸ್ಟಾರ್ ಅಲ್ಲ. ನಕ್ಷತ್ರಕ್ಕಿಂತ ಕೆಳಗಿರುವ ಯೂನಿಟ್ ಓದಿ. ಪರಿಸರದ ಗ್ಯಾಸು ಅಂದರೆ ಕರಗಬೇಡಿ, ನನ್ನ ಎರಡು ಸ್ಟಾರಿನದರಲ್ಲೂ ಅದೇ ಗ್ಯಾಸು ಇದೆ. ಪಕ್ಕಾ ಬಿಲ್ ಕೈಗೆ ಬರುವವರೆಗೆ ಹಳೇ ಫ್ರಿಜ್ ಹೊರಗೆ ಬಿಡಬೇಡಿ. ಪವರ್ ಸೇವರ್ ಅಂದವನನ್ನ ಮನೆ ಮೆಟ್ಟಿಲೂ ಹತ್ತಿಸಬೇಡಿ.

ಇನ್ನೊಂದು ವಿಷಯ ಬಾಕಿ ಇದೆ. ನನ್ನ ಐದು ನಕ್ಷತ್ರ ನೋಡಿ, ನನ್ನ ಮಾತು ಕೇಳಿ, ಪಕ್ಕದ ಮನೆ ಆಂಟಿ ದಸರಾಕ್ಕೆ ಅದೇ ಅಂಗಡಿಯಿಂದ ಅದೇ ನೀಲಿ ಫ್ರಿಜ್ ತಂದಿದ್ದಾರೆ. ಅವರಿಗೆ ಇನ್ನೂ ಹೇಳಿಲ್ಲ. ನಾಳೆ ಭಾನುವಾರ, ನಮ್ಮನೆಯವರನ್ನೂ ಕರೆದುಕೊಂಡು ಹೋಗಿ ಅವರ ಫ್ರಿಜ್ ಗೋಡೆಯಿಂದ ಎಳೆದು ಹಿಂದೆ ನೋಡಬೇಕು.