ಟೈಮ್‌ಕೋಡ್ ಡಬ್ಬಿ ಮಾಡ್ತೀರಾ? ಆಪ್ಟೋಕಪ್ಲರ್ ಮಾತ್ರ ಬಿಡಬೇಡಿ

ಮೂರು ಗಂಟೆಯ ವೀಣೆ ರೆಕಾರ್ಡಿಂಗ್ ಹಾಳಾಯಿತು. ಹಾಳು ಮಾಡಿದ್ದು ನಾನೇ ಸೋಲ್ಡರ್ ಮಾಡಿದ ಒಂದು ಸ್ಟೀಲ್ ಊಟದ ಡಬ್ಬಿ. ಡಬ್ಬಿ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ನಾನು ಮೋಸ ಹೋಗಿದ್ದೂ ಅಲ್ಲೇ.

ಗೆಳೆಯನೊಬ್ಬ ಬೆಂಗಳೂರಿನಲ್ಲಿ ಮನೆಯ ಮಹಡಿ ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡಿದ್ದಾನೆ. ಒಂದು ನಾಟಕಕ್ಕೆ ಹಿನ್ನೆಲೆ ಸಂಗೀತ ಮಾಡುತ್ತಿದ್ದ. ನುಡಿಸುವವರಿಗೆ ಲ್ಯಾಪ್‌ಟಾಪ್ ಪರದೆ ಕಾಣುತ್ತಿರಲಿಲ್ಲ. ಟೈಮ್‌ಕೋಡ್, ಅಂದರೆ ಗಂಟೆ, ನಿಮಿಷ, ಸೆಕೆಂಡ್, ಫ್ರೇಮ್ (ಸೆಕೆಂಡಿನ ಸಣ್ಣ ಪಾಲು), ದೊಡ್ಡ ಕೆಂಪು ಅಂಕಿಗಳಲ್ಲಿ ಎದುರಿಗೆ ಓಡುತ್ತಿದ್ದರೆ ಸಾಕು ಅಂದ. ನಾನು ಹುಮ್ಮಸ್ಸಿನಲ್ಲಿ ಒಪ್ಪಿಕೊಂಡೆ. ಎಸ್.ಪಿ. ರಸ್ತೆಗೆ ಹೋಗಿ ಒಂದು ಆರ್ಡುಯಿನೋ ಊನೋ (ಕೋಡ್ ಬರೆದು ಓಡಿಸುವ ಪುಟ್ಟ ಕಂಪ್ಯೂಟರ್ ಬೋರ್ಡು), ಮ್ಯಾಕ್ಸ್7219 ಚಿಪ್ ಇರುವ ಎಂಟು ಅಂಕಿಯ ಎಲ್ಇಡಿ ಬೋರ್ಡು, ಐದು ಪಿನ್ನಿನ ಮಿಡಿ ಸಾಕೆಟ್ ತಂದೆ. ಮಿಡಿ ಅಂದರೆ ಸಂಗೀತದ ಸಾಧನಗಳು ಒಂದಕ್ಕೊಂದು ಸಂದೇಶ ಕಳಿಸುವ ಪದ್ಧತಿ, ಟೈಮ್‌ಕೋಡ್ ಬರುವುದೂ ಅದರಲ್ಲೇ. ಪಟ್ಟಿಯಲ್ಲಿ 6ಎನ್138 ಅನ್ನುವ ಆಪ್ಟೋಕಪ್ಲರ್ ಕೂಡ ಇತ್ತು. ಆ ದಿನ ಅಂಗಡಿಯಲ್ಲಿ ಅದು ಇರಲಿಲ್ಲ. ಇನ್ನೊಂದು ಅಂಗಡಿಗೆ ಹೋಗಲು ಸೋಮಾರಿತನ.

ಆಪ್ಟೋಕಪ್ಲರ್ ಅಂದರೆ ಒಂದೇ ಚಿಪ್ಪಿನೊಳಗೆ ಒಂದು ಪುಟ್ಟ ಎಲ್ಇಡಿ, ಅದರ ಎದುರು ಬೆಳಕು ಗುರುತಿಸುವ ಭಾಗ. ಸಂಕೇತ ಬೆಳಕಾಗಿ ದಾಟುತ್ತದೆ, ತಂತಿಯಾಗಿ ಅಲ್ಲ. ಎರಡು ಸಾಧನಗಳ ಗ್ರೌಂಡು (ಕರೆಂಟು ಮರಳುವ ದಾರಿ) ಒಂದಕ್ಕೊಂದು ತಾಗುವುದೇ ಇಲ್ಲ. ಮಿಡಿ ಒಳಬರುವ ಕಡೆ ಇದು ಇರಲೇಬೇಕು ಅಂತ 1983ರ ಮೊದಲ ನಿಯಮದಲ್ಲೇ ಇದೆ. ನಾನು ಏನು ಮಾಡಿದೆ? ಸಾಕೆಟ್ಟಿನ 5ನೇ ಪಿನ್ನನ್ನು ನೇರವಾಗಿ ಆರ್ಡುಯಿನೋಗೆ, 2ನೇ ಪಿನ್ನನ್ನು ಗ್ರೌಂಡಿಗೆ ಹಾಕಿದೆ. ಅಂಕಿ ಓಡತೊಡಗಿದವು. "ನೋಡಿದ್ಯೇನೋ, ಆಪ್ಟೋನೂ ಬೇಡ ಏನೂ ಬೇಡ" ಅಂತ ಗೆಳೆಯನ ಮುಂದೆ ಬೀಗಿದೆ.

ನಡುವೆ ಒಂದು ತಮಾಷೆಯ ತೊಂದರೆಯೂ ಆಯಿತು. ಅವನ ಪ್ರಾಜೆಕ್ಟ್ 1ನೇ ಗಂಟೆಯಿಂದ ಶುರುವಾಗುತ್ತದೆ, ನನ್ನ ಡಬ್ಬಿ 33 ಅಂತ ತೋರಿಸುತ್ತಿತ್ತು. ಮಿಡಿಯಲ್ಲಿ ಟೈಮ್‌ಕೋಡ್ ಇಡಿಯಾಗಿ ಬರುವುದಿಲ್ಲ, ಎಂಟು ತುಣುಕಾಗಿ ಬರುತ್ತದೆ. ಗಂಟೆಯ ಕೊನೆಯ ತುಣುಕಿನಲ್ಲೇ ಫ್ರೇಮ್ ರೇಟನ್ನೂ ತುರುಕಿರುತ್ತಾರೆ. ನಾವು ಟಿವಿ ಲೆಕ್ಕದ 25 ಫ್ರೇಮ್ ಇಟ್ಟಿದ್ದೆವು. ಆ ಬಿಟ್‌ಗಳನ್ನು ತೆಗೆಯದೆ ಓದಿದ್ದಕ್ಕೆ 32 ಜಾಸ್ತಿ ಬಂತು. 30 ಫ್ರೇಮ್ ಇಟ್ಟಿದ್ದರೆ 97 ಗಂಟೆ ಕಾಣುತ್ತಿತ್ತು! ಎಂಟು ತುಣುಕು ಸೇರುವ ಹೊತ್ತಿಗೆ ಎರಡು ಫ್ರೇಮ್ ಕಳೆದಿರುತ್ತದೆ, ಹಾಗಾಗಿ ಕೋಡಿನಲ್ಲಿ 2 ಕೂಡಿಸಬೇಕು. ಇದನ್ನೆಲ್ಲ ಒಂದು ರಾತ್ರಿಯಲ್ಲಿ ಸರಿ ಮಾಡಿದೆ. ಕೀಬೋರ್ಡ್ ರೆಕಾರ್ಡ್ ಮಾಡಿ ನೋಡಿದೆವು. ಸದ್ದೇನೂ ಕೇಳಲಿಲ್ಲ.

ಆಮೇಲೆ ವೀಣೆ ಮೇಷ್ಟ್ರು ಮೈಸೂರಿನಿಂದ ಬೆಳಗಿನ ರೈಲಿಗೆ ಬಂದರು. ವೀಣೆಗೆ ಕಾಂಟ್ಯಾಕ್ಟ್ ಮೈಕ್ ಅಂಟಿಸಿದ್ದರು. ಅದರ ಸದ್ದು ಸಣ್ಣದು, ಗೇನ್ (ಸದ್ದನ್ನು ಹಿಗ್ಗಿಸುವ ಪ್ರಮಾಣ) ಚೆನ್ನಾಗಿ ಏರಿಸಬೇಕಾಯಿತು. ಎಲ್ಲರ ಹೆಡ್‌ಫೋನಿನಲ್ಲೂ ಎಲೆಕ್ಟ್ರಾನಿಕ್ ತಂಬೂರಿ ಜುಂಯ್ ಅನ್ನುತ್ತಿತ್ತು. ಮೂರು ಗಂಟೆ ನುಡಿಸಿದರು. ಅದ್ಭುತವಾಗಿ ನುಡಿಸಿದರು ಅಂತ ಹೇಳುವಾಗ ಈಗಲೂ ಹೊಟ್ಟೆ ಉರಿಯುತ್ತದೆ.

ರಾತ್ರಿ ತಂಬೂರಿ ಟ್ರ್ಯಾಕ್ ಮ್ಯೂಟ್ ಮಾಡಿದಾಗ ಗೆಳೆಯ ಫೋನ್ ಮಾಡಿದ. "ಏನೋ ಇದು, ವೀಣೆ ಒಳಗೆ ಜೀರುಂಡೆ ಕೂತಿದೆ ಕಣೋ." ಹೋಗಿ ಕೇಳಿದೆ. ಸಣ್ಣ ಕೀರಲು ಸದ್ದು, ಒಂದೇ ಸಮ ಇಲ್ಲ, ಚೂರು ಚೂರೇ ಬದಲಾಗುತ್ತಿತ್ತು. ಡಬ್ಬಿಯನ್ನು ಓಡಿಸಿ ನೋಡಿದಾಗ ಗೊತ್ತಾಯಿತು. ಫ್ರೇಮಿನ ಅಂಕಿ ಬದಲಾದ ಹಾಗೆ ಸದ್ದೂ ಬದಲಾಗುತ್ತಿದೆ!

ಕಾರಣ ಇಷ್ಟು. ಮ್ಯಾಕ್ಸ್7219 ಎಂಟೂ ಅಂಕಿಗಳನ್ನು ಒಟ್ಟಿಗೆ ಬೆಳಗಿಸುವುದಿಲ್ಲ. ಒಂದಾದ ಮೇಲೆ ಒಂದು ಬೆಳಗಿಸುತ್ತಾ, ಸೆಕೆಂಡಿಗೆ ಸುಮಾರು 800 ಸುತ್ತು ಹಾಕುತ್ತದೆ. ಅಂಕಿ 1 ಆದರೆ ಎರಡು ಗೆರೆ ಹೊತ್ತಬೇಕು, 8 ಆದರೆ ಏಳು. ಹಾಗಾಗಿ ಎಳೆಯುವ ಕರೆಂಟು ಪ್ರತಿ ಅಂಕಿಗೂ ಬೇರೆ. ಪೂರ್ತಿ ಬೆಳಕಿಟ್ಟರೆ ಒಂದು ಗೆರೆಗೆ 40 ಮಿಲಿಆಂಪ್‌ವರೆಗೂ ಹೋಗುತ್ತದೆ. ಆರ್ಡುಯಿನೋ, ಆಡಿಯೋ ಇಂಟರ್‌ಫೇಸ್ (ಮೈಕಿನ ಸದ್ದನ್ನು ಲ್ಯಾಪ್‌ಟಾಪಿಗೆ ಕೊಡುವ, ನನ್ನ ಡಬ್ಬಿಗೆ ಮಿಡಿ ಕಳಿಸುವ ಪೆಟ್ಟಿಗೆ) ಎರಡಕ್ಕೂ ಒಂದೇ ಲ್ಯಾಪ್‌ಟಾಪಿನಿಂದ ಯುಎಸ್‌ಬಿ ಕರೆಂಟು. ನಾನು ಹಾಕಿದ 2ನೇ ಪಿನ್ನಿನ ತಂತಿ ಆ ಎರಡರ ಗ್ರೌಂಡುಗಳನ್ನು ಇನ್ನೊಂದು ದಾರಿಯಲ್ಲಿ ಸೇರಿಸಿತ್ತು. ಎಲ್ಇಡಿಯ ಕರೆಂಟಿನಲ್ಲಿ ಒಂದು ಪಾಲು ಇಂಟರ್‌ಫೇಸಿನ ಗ್ರೌಂಡು ಹಾಯ್ದು ಲ್ಯಾಪ್‌ಟಾಪಿಗೆ ಮರಳುತ್ತಿತ್ತು. ಕೀಬೋರ್ಡಿಗೆ ಗೇನ್ ಕಡಿಮೆ, ಅದಕ್ಕೇ ಅವತ್ತು ಕೇಳಿಸಲಿಲ್ಲ.

ಸಾಫ್ಟ್‌ವೇರಿನಲ್ಲಿ ತೆಗೆದುಬಿಡಬಹುದು ಅಲ್ವಾ ಅಂತ ನೀವು ಕೇಳಬಹುದು. ಒಂದೇ ಸಮ ಇರುವ ಗುಂಯ್ ಸದ್ದಾದರೆ ತೆಗೆಯಬಹುದಿತ್ತು. ಇದು ಅಂಕಿಯ ಜೊತೆ ಕುಣಿಯುವ ಸದ್ದು, ಅದೂ ವೀಣೆಯ ನಾದ ಇರುವ ಜಾಗದಲ್ಲೇ. ತೆಗೆದರೆ ಗಮಕವೂ ನುಣ್ಣಗಾಗಿ ಸತ್ತುಹೋಗುತ್ತಿತ್ತು.

ಸರಿ ಮಾಡಲು ಹೋಗಿ ಇನ್ನೆರಡು ತಪ್ಪು ಮಾಡಿದೆ. ಮೊದಲು ಡಬ್ಬಿಯನ್ನು ಲ್ಯಾಪ್‌ಟಾಪಿನಿಂದ ಬಿಡಿಸಿ, ಹೆಸರಿಲ್ಲದ ಒಂದು ಮೊಬೈಲ್ ಚಾರ್ಜರಿಗೆ ಹಾಕಿದೆ. ಕೀರಲು ಕಡಿಮೆಯಾಯಿತು, ಬದಲಿಗೆ ಹಮ್ ಬಂತು. ಬರಿಗಾಲಲ್ಲಿ ನಿಂತು ಇಂಟರ್‌ಫೇಸಿನ ಲೋಹ ಮುಟ್ಟಿದರೆ ಬೆರಳು ಜುಮ್ ಅನ್ನುತ್ತಿತ್ತು. ಎರಡೇ ಪಿನ್ನಿನ ಇಂಥ ಚಾರ್ಜರಿನಿಂದ ಸಣ್ಣ ಸೋರಿಕೆ ಕರೆಂಟು ಗ್ರೌಂಡಿಗೆ ಬರುತ್ತದೆ. ಅದನ್ನು ಸಂಗೀತದ ಸಾಧನಕ್ಕೆ ನೇರ ತಂತಿಯಲ್ಲಿ ಜೋಡಿಸುವುದು ಹುಚ್ಚುತನ.

ಎರಡನೆಯದು, "ಆಪ್ಟೋ ಎಲ್ಲಾ ಒಂದೇ ಸಾರ್" ಅಂತ ಅಂಗಡಿಯಲ್ಲಿ ಕೊಟ್ಟ ಪಿಸಿ817. ಮಿಡಿ ಸೆಕೆಂಡಿಗೆ 31,250 ಬಿಟ್ ವೇಗದಲ್ಲಿ ಬರುತ್ತದೆ, ಒಂದು ಬಿಟ್ಟಿಗೆ ಬರೀ 32 ಮೈಕ್ರೋಸೆಕೆಂಡ್. ಸಾಮಾನ್ಯ ಸರ್ಕ್ಯೂಟಿನಲ್ಲಿ ಪಿಸಿ817 ಅಷ್ಟು ಬೇಗ ಎದ್ದು ಕೂರುವುದಿಲ್ಲ. ತುಣುಕು ತಪ್ಪಿ ಸೆಕೆಂಡು ಹಿಂದೆ ಮುಂದೆ ಹಾರುತ್ತಿತ್ತು.

ಕೊನೆಗೆ ಮೊದಲು ಮಾಡಬೇಕಿದ್ದನ್ನೇ ಮಾಡಿದೆ. 6ಎನ್138 ಹುಡುಕಿ ತಂದೆ. ಸಾಕೆಟ್ಟಿನ 4ನೇ ಪಿನ್ನಿಗೆ 220 ಓಮ್ ರೆಸಿಸ್ಟರ್, ಚಿಪ್ಪಿನೊಳಗಿನ ಎಲ್ಇಡಿಗೆ ಅಡ್ಡವಾಗಿ ಉಲ್ಟಾ ದಿಕ್ಕಿನಲ್ಲಿ ಒಂದು 1ಎನ್4148 ಡಯೋಡ್, ಹೊರಗೆ ಬರುವ ಕಡೆ ಪುಲ್-ಅಪ್ ರೆಸಿಸ್ಟರ್. 2ನೇ ಪಿನ್ ಖಾಲಿ, ಅದನ್ನು ಎಲ್ಲಿಗೂ ಹಾಕಬಾರದು. ಎಚ್11ಎಲ್1 ಅನ್ನುವ ಆಪ್ಟೋಕಪ್ಲರ್ ಸಿಕ್ಕರೆ ಇನ್ನೂ ತಲೆನೋವು ಕಡಿಮೆ. ಮ್ಯಾಕ್ಸ್7219ರ ಪಕ್ಕದಲ್ಲೇ 10 ಮೈಕ್ರೋಫ್ಯಾರಡ್ ಮತ್ತು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ, ಹೊಳಪನ್ನು 0ಯಿಂದ 15ರ ಅಳತೆಯಲ್ಲಿ 3ಕ್ಕೆ ಇಳಿಸಿದೆ. ಕತ್ತಲೆ ಕೋಣೆಗೆ ಅಷ್ಟೇ ಧಾರಾಳ.

ಆದರೂ ಚೂರು ಕೀರಲು ಉಳಿದಿತ್ತು! ಅರ್ಧ ದಿನ ಹುಡುಕಿದೆ. ಸಾಕೆಟ್ಟಿನ ಲೋಹದ ಮೈ ಸ್ಟೀಲ್ ಡಬ್ಬಿಗೆ ತಾಗಿತ್ತು, ಡಬ್ಬಿ ಆರ್ಡುಯಿನೋ ಗ್ರೌಂಡಿಗೆ ಸೇರಿತ್ತು, ನಮ್ಮ ಕೇಬಲ್ಲಿನ ಶೀಲ್ಡ್ (ತಂತಿಗಳ ಸುತ್ತಲಿನ ಲೋಹದ ಹೊದಿಕೆ) ಪ್ಲಗ್ಗಿನ ಲೋಹಕ್ಕೆ ಅಂಟಿಕೊಂಡಿತ್ತು. ಬಾಗಿಲಲ್ಲಿ ಓಡಿಸಿದ ಗ್ರೌಂಡು ಕಿಟಕಿಯಿಂದ ಒಳಗೆ ಬಂದಿತ್ತು. ಪ್ಲಾಸ್ಟಿಕ್ ಸಾಕೆಟ್ ಹಾಕಿದ ಮೇಲೆ ನಿಶ್ಶಬ್ದ. ನಿಮ್ಮ ಡಬ್ಬಿ ಲೋಹದ್ದಾದರೆ, ಮುಚ್ಚುವ ಮುಂಚೆ ಮಲ್ಟಿಮೀಟರಿನ ಬೀಪ್ ಇಟ್ಟು ಸಾಕೆಟ್ಟಿನ ಮೈಗೂ ಆರ್ಡುಯಿನೋ ಗ್ರೌಂಡಿಗೂ ಸಂಪರ್ಕ ಇದೆಯಾ ನೋಡಿ. ಆಮೇಲೆ ಗೇನ್ ಪೂರ್ತಿ ಏರಿಸಿ, ತಂಬೂರಿ ಗಿಂಬೂರಿ ಎಲ್ಲ ಆಫ್ ಮಾಡಿ, ಅಂಕಿ ಓಡಿಸುತ್ತಾ ಒಂದು ನಿಮಿಷ ಖಾಲಿ ರೆಕಾರ್ಡ್ ಮಾಡಿ ಕೇಳಿ.

ಮೇಷ್ಟ್ರು ಬೇಜಾರು ಮಾಡಿಕೊಳ್ಳದೆ ಮತ್ತೊಂದು ದಿನ ಬಂದು ಎಲ್ಲವನ್ನೂ ಮತ್ತೆ ನುಡಿಸಿದರು. ಶುರು ಮಾಡುವ ಮುಂಚೆ ನನ್ನ ಡಬ್ಬಿ ಕಡೆ ಬೆರಳು ತೋರಿಸಿ, "ಅದು ಇವತ್ತು ಹಾಡಲ್ಲ ತಾನೇ?" ಅಂತ ಕೇಳಿದರು.