ಅಂಗಡಿಗೆ ಆ್ಯಪ್ ಬೇಕೋ, ಜಾಲತಾಣ ಸಾಕೋ?

ದಾವಣಗೆರೆಯಲ್ಲಿ ಮಂಡಕ್ಕಿ, ಖಾರ ಮಾರುವ ನನ್ನ ತಂಗಿ ಆರ್ಡರ್ ಪಡೆಯಲು ಆ್ಯಪ್ ಮಾಡಿಸಲು ಹೊರಟಿದ್ದಳು. ತಯಾರಕರು ಕೊಟ್ಟ ಮಾದರಿಯನ್ನು ಫೋನಿಗೆ ಹಾಕಿ ನೋಡಿದೆ. ತೆರೆಯುತ್ತಲೇ ಸಂಪರ್ಕ ಪಟ್ಟಿ, ಸ್ಥಳ, ಫೋಟೊ, ಮೂರಕ್ಕೂ ಅನುಮತಿ ಕೇಳಿತು. ಎರಡು ಸೇರು ಮಂಡಕ್ಕಿ ಕೊಳ್ಳುವವರ ನೆಂಟರಿಷ್ಟರ ನಂಬರು ಅಂಗಡಿಗೇಕೆ? ನನಗೆ ನಿಜಕ್ಕೂ ಸಿಟ್ಟು ಬಂತು.

ಜಾಲತಾಣ ಬ್ರೌಸರಿನ ಬೇಲಿಯೊಳಗೇ ಇರುತ್ತದೆ. ಸಂಪರ್ಕ ಪಟ್ಟಿಗೆ ತಾನಾಗಿ ಕೈಹಾಕಲಾರದು, ಸ್ಥಳ ಬೇಕಿದ್ದರೆ ಕೇಳಲೇಬೇಕು. 1993ರಲ್ಲಿ ಯುರೋಪಿನ ಭೌತವಿಜ್ಞಾನ ಸಂಶೋಧನಾ ಕೇಂದ್ರವಾದ ಸರ್ನ್, ತನ್ನಲ್ಲೇ ಹುಟ್ಟಿದ ವೆಬ್ ತಂತ್ರಜ್ಞಾನವನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟಿತು. ಹಾಗಾಗಿ ಪುಟ ತೆರೆಯಲು ಯಾವ ಆ್ಯಪ್ ಸ್ಟೋರಿನ ಅಪ್ಪಣೆಯೂ ಬೇಡ. ಡೊಮೇನ್ (ಜಾಲತಾಣದ ವಿಳಾಸ), ಹೋಸ್ಟಿಂಗ್‌ಗೆ (ಅದನ್ನು ಇಡುವ ಜಾಗ) ವರ್ಷವರ್ಷ ಹಣ ಕಟ್ಟಬೇಕು, ಅಷ್ಟೆ.

ಜಾಲತಾಣವನ್ನೂ ಕಣ್ಣು ಮುಚ್ಚಿ ನಂಬಬೇಡಿ. 1994ರಲ್ಲಿ ಬಂದ ಕುಕಿ, ಅಂದರೆ ಜಾಲತಾಣ ನಮ್ಮ ಬ್ರೌಸರಿನಲ್ಲಿ ಬರೆದಿಡುವ ಪುಟ್ಟ ಗುರುತು, ಬುಟ್ಟಿಯಲ್ಲಿಟ್ಟ ಸಾಮಾನನ್ನು ನೆನಪಿಡಲೆಂದು ಹುಟ್ಟಿದ್ದು. ಅದೇ ಮುಂದೆ ಗ್ರಾಹಕರ ಬೆನ್ನು ಹತ್ತುವ ಸಾಧನವಾಯಿತು. ಜಾಹೀರಾತು ಕುಕಿ ಬೇಡವೆಂದು ತಯಾರಕರಿಗೆ ಮೊದಲೇ ಬರೆದುಕೊಡಿ. ಗ್ರಾಹಕರ ಮಾಹಿತಿ ಕಾಪಾಡಲು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಇದೆ.

ನೂರಾರು ಕಾಯಂ ಗ್ರಾಹಕರು ದಿನವೂ ಆರ್ಡರ್ ಕೊಡುವಂತಿದ್ದರೆ ಆ್ಯಪ್ ಅನುಕೂಲ. ತಂಗಿಗೆ ಜಾಲತಾಣವೇ ಸರಿ ಎಂದೆ. ಈಗ ಅವಳ ಪುಟ ಕೇಳುವುದು ಹೆಸರು, ವಿಳಾಸ, ಒಂದು ಫೋನ್ ನಂಬರು.