ಬಳ್ಳಾರಿಯ ಭೂವಿಜ್ಞಾನಿ ಸಂದರ್ಶನ ತರಬೇತಿ: ಕಲ್ಲನ್ನು ಕೈಗಿತ್ತು ಕೇಳುವ ಎರಡು ದಿನ

ಗಣಿ ಕಂಪನಿಯೊಂದರ ಭೂವಿಜ್ಞಾನಿ ಹುದ್ದೆಯ ಸಂದರ್ಶನಕ್ಕೆ ಕರೆ ಬಂದಾಗ, ಬಳ್ಳಾರಿಯಲ್ಲಿ ನಿವೃತ್ತ ಗಣಿ ಭೂವಿಜ್ಞಾನಿಯೊಬ್ಬರು ತಮ್ಮ ಮನೆಯ ಮಹಡಿಯ ಮೇಲೆ ನಡೆಸುವ ಎರಡು ದಿನಗಳ ತರಬೇತಿಗೆ ಸೇರಿದೆ. ಎಂ.ಎಸ್ಸಿ. ಮುಗಿದು ಎರಡು ವರ್ಷವಾಗಿದ್ದ ನನಗೆ ಪಠ್ಯವೆಲ್ಲ ನೆನಪಿತ್ತು. ಕಲ್ಲನ್ನು ಎದುರಿಗಿಟ್ಟರೆ ಮಾತ್ರ ಬಾಯಿ ಕಟ್ಟುತ್ತಿತ್ತು. ಶುಲ್ಕ ಮೂರು ಸಾವಿರ ರೂಪಾಯಿ. ಆ ಹಣ ವ್ಯರ್ಥವಾಗಲಿಲ್ಲ.

ಮೊದಲ ಬೆಳಿಗ್ಗೆಯೇ ಗುರುಗಳು ಕಪ್ಪನೆಯ ಎರಡು ಕಬ್ಬಿಣದ ಅದಿರಿನ ತುಂಡುಗಳನ್ನು ನನ್ನ ಕೈಗಿತ್ತರು. ನಾನು ತಡಮಾಡದೆ ಎರಡನ್ನೂ ಹೆಮಟೈಟ್ ಎಂದೆ. ಅವರು ಸಿಟ್ಟಾಗದೆ, ಮೆರುಗಿಲ್ಲದ ಪಿಂಗಾಣಿ ಬಿಲ್ಲೆಯ ಮೇಲೆ ಎರಡನ್ನೂ ಉಜ್ಜಿಸಿದರು. ಒಂದರ ಒರೆ ಕೆಂಗಂದು ಬಣ್ಣದ್ದಾಗಿತ್ತು, ಇನ್ನೊಂದರದು ಕಪ್ಪು. ಕಪ್ಪು ಒರೆಯ ತುಂಡು ಅಯಸ್ಕಾಂತಕ್ಕೆ ಟಕ್ಕೆಂದು ಅಂಟಿಕೊಂಡಿತು, ಅದು ಮ್ಯಾಗ್ನೆಟೈಟ್. ಶುದ್ಧ ಹೆಮಟೈಟ್‌ನಲ್ಲಿ ಸುಮಾರು ಶೇ. 70, ಮ್ಯಾಗ್ನೆಟೈಟ್‌ನಲ್ಲಿ ಸುಮಾರು ಶೇ. 72ರಷ್ಟು ಕಬ್ಬಿಣವಿರುತ್ತದೆ ಎಂಬುದನ್ನು ಎಲ್ಲರೂ ಒಪ್ಪಿಸುತ್ತಾರೆ, ಆದರೆ ಬಣ್ಣ, ತೂಕ, ಗಡಸುತನ, ಒರೆ ಇವನ್ನು ಕ್ರಮವಾಗಿ ಹೇಳಿ ಕೊನೆಗೆ ಹೆಸರಿಗೆ ಬರುವವರು ವಿರಳ ಎಂದು ಅವರು ವಿವರಿಸಿದರು. ಸಂಡೂರಿನ ಪಟ್ಟೆಪಟ್ಟೆಯ ಹೆಮಟೈಟ್ ಕ್ವಾರ್ಟ್ಜೈಟ್ (ಹೆಮಟೈಟ್ ಮತ್ತು ಸಿಲಿಕಾ ಪಟ್ಟೆಗಳು ಒಂದಾದ ಮೇಲೊಂದರಂತೆ ಇರುವ ಕಲ್ಲು) ಬಗ್ಗೆಯೂ ಹೀಗೆಯೇ: ಸಿಲಿಕಾ ಪಟ್ಟೆಗಳು ನೀರಿನಲ್ಲಿ ಕರಗಿ ಹೋದ ಕಡೆ ಅದಿರು ಸಮೃದ್ಧವಾಗುತ್ತದೆ ಎಂಬುದನ್ನು ಕೈಯಲ್ಲಿನ ತುಂಡನ್ನೇ ತೋರಿಸಿ ನಮ್ಮಿಂದ ಹೇಳಿಸಿದರು.

ಮಧ್ಯಾಹ್ನದ ಕೋರ್ ಬಾಕ್ಸ್ (ನೆಲ ಕೊರೆದು ತೆಗೆದ ಕಲ್ಲಿನ ಉದ್ದನೆಯ ತುಂಡುಗಳನ್ನು ಜೋಡಿಸಿಡುವ ಪೆಟ್ಟಿಗೆ) ಪಾಠ ನನಗೆ ಎಲ್ಲಕ್ಕಿಂತ ಉಪಯುಕ್ತವೆನಿಸಿತು. ಒಂದೂವರೆ ಮೀಟರ್ ಕೊರೆತದಲ್ಲಿ 10 ಸೆಂ.ಮೀ. ಮತ್ತು ಅದಕ್ಕಿಂತ ಉದ್ದದ ತುಂಡುಗಳನ್ನು ಕೂಡಿಸಿದಾಗ 96 ಸೆಂ.ಮೀ. ಬಂದಿತು, ಅಂದರೆ ಕಲ್ಲು ಎಷ್ಟು ಬಿರುಕಿಲ್ಲದೆ ಗಟ್ಟಿಯಾಗಿದೆ ಎಂದು ಹೇಳುವ ಆರ್‌ಕ್ಯೂಡಿ ಶೇ. 64. ಬಾಕ್ಸಿಗೆ ಹಾಕುವಾಗ ಮುರಿದ ತುಂಡುಗಳನ್ನು ಹೊಂದಿಸಿ ಒಂದೇ ತುಂಡೆಂದು ಅಳೆಯಬೇಕೆಂಬ ಸೂಕ್ಷ್ಮವನ್ನು ನಾನು ಅಲ್ಲಿಯೇ ಕಲಿತದ್ದು.

ಕೊರತೆಗಳೂ ಇವೆ. ಹದಿನಾಲ್ಕು ಜನರಿಗೆ ಒಂದೇ ಬ್ರಂಟನ್ ದಿಕ್ಸೂಚಿಯಿದ್ದುದರಿಂದ ಸ್ಟ್ರೈಕ್ ಮತ್ತು ಡಿಪ್ (ಕಲ್ಲಿನ ಪದರ ಸಾಗುವ ದಿಕ್ಕು ಮತ್ತು ಅದರ ಇಳಿಜಾರು) ಅಳೆಯುವ ಸರದಿ ನನಗೆ ಒಮ್ಮೆ ಮಾತ್ರ ಸಿಕ್ಕಿತು. ಮೊದಲ ಸ್ಥೂಲ ಸಮೀಕ್ಷೆಯಾದ ಜಿ4ರಿಂದ ವಿವರವಾದ ಶೋಧವಾದ ಜಿ1ರವರೆಗಿನ ಅನ್ವೇಷಣಾ ಹಂತಗಳನ್ನು ಎರಡನೆಯ ದಿನದ ಕೊನೆಯ ಗಂಟೆಯಲ್ಲಿ ಅವಸರದಿಂದ ಮುಗಿಸಿದರು. ಸಂದರ್ಶನದಲ್ಲಿ ತಪ್ಪದೆ ಬರುವ ವಿಷಯಕ್ಕೆ ಇಷ್ಟು ಸಮಯ ಸಾಲದು. ಪಾಠವೆಲ್ಲ ಕಬ್ಬಿಣದ ಸುತ್ತಲೇ ಇರುವುದರಿಂದ, ರಾಯಚೂರು ಜಿಲ್ಲೆಯ ಹಟ್ಟಿಯಂಥ ಚಿನ್ನದ ಗಣಿಗೆ ಪ್ರಯತ್ನಿಸುವವರು ಕ್ವಾರ್ಟ್ಜ್ ಸಿರೆಗಳು ಮತ್ತು ಶಿಯರ್ ವಲಯಗಳ (ಶಿಲೆಗಳು ಒಂದಕ್ಕೊಂದು ಉಜ್ಜಿ ಜಾರಿದ ಪಟ್ಟಿಗಳು) ಕುರಿತು ಬೇರೆಡೆ ಓದಿಕೊಳ್ಳಬೇಕಾಗುತ್ತದೆ. ಸೇರುವವರು ತಮ್ಮದೇ ಕೈಮಸೂರವೊಂದನ್ನು ಜೊತೆಗೆ ಒಯ್ಯುವುದು ಒಳ್ಳೆಯದು, ಅಲ್ಲಿರುವುದು ಎರಡೇ.